ಪ್ರೆಶರ್ ಇರುವ ಪೈಪಿನೊಳಗೆ ಗಾಳಿ ನುಗ್ಗುತ್ತಾ?

ಪ್ರಶ್ನೆ: ನೈಟ್ರೋಜನ್ ಲೈನಿಗೆ ಹೊಸ ಆಕ್ಸಿಜನ್ ಅನಲೈಜರ್ (ಗ್ಯಾಸಿನಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ಅಳೆಯುವ ಮೀಟರ್) ಹಾಕಿದ್ದೇವೆ. ಆಕ್ಸಿಜನ್ ಹೆಚ್ಚೆಂದರೆ 10 ಪಿಪಿಎಂ (ಹತ್ತು ಲಕ್ಷದಲ್ಲಿ 10 ಪಾಲು) ಇರಬೇಕು, ಮೀಟರ್ 80 ತೋರಿಸುತ್ತಿದೆ. ಸೆನ್ಸರ್ ಬದಲಾಯಿಸಿದರೂ ಅಷ್ಟೇ. ಲೀಕ್ ಇರಬಹುದು ಅಂದರೆ ಸೂಪರ್‌ವೈಸರ್ ನಗುತ್ತಾರೆ. ಲೈನಿನಲ್ಲಿ 3 ಬಾರ್ ಪ್ರೆಶರ್ ಇರುವಾಗ ಹೊರಗಿನ ಗಾಳಿ ಒಳಗೆ ಹೇಗೆ ಬರುತ್ತದೆ ಅನ್ನುತ್ತಾರೆ.

ಉತ್ತರ: ನಗಲಿ ಬಿಡಿ, ಒಂದು ಕಾಲದಲ್ಲಿ ನಾನೂ ಹಾಗೇ ನಗುತ್ತಿದ್ದೆ. ಆಕ್ಸಿಜನ್‌ಗೆ ನಿಮ್ಮ 3 ಬಾರ್ ಲೆಕ್ಕಕ್ಕಿಲ್ಲ. ಹೊರಗಡೆ ತನ್ನವರು ಎಷ್ಟು, ಒಳಗಡೆ ಎಷ್ಟು ಅಂತ ಮಾತ್ರ ಅದು ನೋಡುತ್ತದೆ. ಹೊರಗಿನ ಗಾಳಿಯಲ್ಲಿ ಅದರ ಪಾಲಿನ ಒತ್ತಡ ಸುಮಾರು 0.21 ಬಾರ್. ನಿಮ್ಮ ಪೈಪಿನೊಳಗೆ 0.00004 ಬಾರ್ ಕೂಡ ಕಷ್ಟ. ಹಾಗಾಗಿ ಸಣ್ಣ ಸಂದಿಯಲ್ಲಿ ನೈಟ್ರೋಜನ್ ಹೊರಗೆ ಹೋಗುತ್ತಿದ್ದರೂ ಆಕ್ಸಿಜನ್ ಎದುರು ಈಜಿಕೊಂಡು ಒಳಗೆ ಬರುತ್ತದೆ.

ಸೂಪರ್‌ವೈಸರ್‌ಗೆ ತೋರಿಸಲು ಒಂದು ಉಪಾಯ ಇದೆ. ಈಗ ಅನಲೈಜರ್‌ಗೆ ನಿಮಿಷಕ್ಕೆ ಅರ್ಧ ಲೀಟರ್ ಗ್ಯಾಸ್ ಹರಿಸುತ್ತಿದ್ದೀರಿ ಅಂದುಕೊಳ್ಳಿ. ಅದನ್ನು ಒಂದು ಲೀಟರ್ ಮಾಡಿ (ಸೆನ್ಸರ್ ಅಷ್ಟು ತಡೆಯುತ್ತದಾ ಅಂತ ಮ್ಯಾನುಯಲ್ ನೋಡಿ) ಅರ್ಧ ಗಂಟೆ ಸುಮ್ನೆ ಕಾಯಿರಿ. ಗ್ಯಾಸೇ ಕೆಟ್ಟಿದ್ದರೆ 80 ಅಲುಗಾಡುವುದಿಲ್ಲ. 45ಕ್ಕೆ ಇಳಿದರೆ ಲೀಕೇ. ನುಸುಳುವ ಆಕ್ಸಿಜನ್ ಅಷ್ಟೇ ಇದೆ, ಕೊಚ್ಚಿಕೊಂಡು ಹೋಗುವ ಗ್ಯಾಸ್ ಎರಡು ಪಟ್ಟು ಆಯಿತು ನೋಡಿ. ಇಳಿದದ್ದು 35, ಅಂದರೆ ಮೊದಲು ಲೀಕಿನ ಪಾಲು 70. ಉಳಿದ 10 ನಿಮ್ಮ ಗ್ಯಾಸಿನದ್ದು!

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ಕೆಲಸದಲ್ಲಿ ಮಾತ್ರ ಎಷ್ಟೋ ಸಲ ನೆಲವೇ ಡೊಂಕು. ಒಮ್ಮೆ ರಾತ್ರಿ ಪಾಳಿಯಲ್ಲಿ ನಾನು ಎರಡು ಸೆನ್ಸರ್ ಬದಲಾಯಿಸಿ, ಮೂರನೆಯದಕ್ಕೆ ಸ್ಟೋರ್ ಬಾಗಿಲು ತಟ್ಟಿದ್ದೆ. ಬೆಳಿಗ್ಗೆ ಹೆಲ್ಪರ್ ಹುಡುಗ ಪ್ಯಾನೆಲ್ ಒರೆಸುವಾಗ ರೋಟಾಮೀಟರ್ (ಗ್ಯಾಸಿನ ಹರಿವು ತೋರಿಸುವ ಕೊಳವೆ) ವಾಲ್ವಿನ ತಿರುಪಿಗೆ ಬಟ್ಟೆ ತಾಗಿತು, ಸಂಖ್ಯೆ ಜಿಗಿಯಿತು. ಮತ್ತೆ ಅಲ್ಲಾಡಿಸಿದೆ, ಮತ್ತೆ ಜಿಗಿಯಿತು. ಒಳಗಿನ ಓ-ರಿಂಗ್ (ಸಂದಿ ಮುಚ್ಚುವ ರಬ್ಬರ್ ಬಳೆ) ಬಿರುಕು ಬಿಟ್ಟಿತ್ತು. ಕಿರುಬೆರಳಿನ ಉಗುರಿಗಿಂತ ಚಿಕ್ಕದು. ರಾತ್ರಿಯಿಡೀ ನಾನು ಆ ಕಡೆ ತಿರುಗಿಯೂ ನೋಡಿರಲಿಲ್ಲ.

ಹಾಗಾಗಿ ವಾಲ್ವ್, ರೋಟಾಮೀಟರ್, ಫಿಲ್ಟರ್ ಬಟ್ಟಲು ಮೊದಲು ನೋಡಿ. ಸೋಪಿನ ನೀರು ದೊಡ್ಡ ಲೀಕಿಗೆ ಸರಿ, ಪಿಪಿಎಂ ಮಟ್ಟದಲ್ಲಿ ಗುಳ್ಳೆ ಬರಲಿಲ್ಲ ಅಂತ ನಂಬಬೇಡಿ. ಎಲ್ಲಾದರೂ ಸಿಲಿಕೋನ್ ಟ್ಯೂಬ್ ಇದ್ದರೆ ಕಿತ್ತು ಸ್ಟೀಲ್ ಹಾಕಿ. ಅದರ ಗೋಡೆಯ ಮೂಲಕವೇ ಆಕ್ಸಿಜನ್ ಬರುತ್ತದೆ, ತೂತೇ ಬೇಕಿಲ್ಲ. ಕಾಲು ಇಂಚಿನ ಹೊಸ ಕಂಪ್ರೆಷನ್ ಫಿಟ್ಟಿಂಗನ್ನು (ನಟ್ ಬಿಗಿದು ಟ್ಯೂಬ್ ಜೋಡಿಸುವ ಕೊಂಡಿ) ಕೈಯಲ್ಲಿ ಬಿಗಿ ಮಾಡಿದ ಮೇಲೆ ಸ್ಪ್ಯಾನರಿನಲ್ಲಿ ಒಂದೂಕಾಲು ಸುತ್ತು ಸಾಕು. ಜೋರು ತೋರಿಸಿದರೆ ಅದೇ ಲೀಕ್ ಆಗುತ್ತದೆ.

ಇನ್ನೊಂದು ಮಾತು. ಹೊಸ ಸೆನ್ಸರ್ ಹಾಕಿ ಎಷ್ಟು ಹೊತ್ತು ಕಾದಿರಿ? ಬರೆದಿಲ್ಲ ನೀವು. ಪಿಪಿಎಂ ಸೆಲ್ (ಸೆನ್ಸರಿನಲ್ಲಿ ಅಳೆಯುವ ಭಾಗ) ಒಮ್ಮೆ ಗಾಳಿ ಕುಡಿದರೆ ಕೆಳಗಿಳಿಯಲು ಗಂಟೆಗಟ್ಟಲೆ ಬೇಕು. ಮೊದಲು ಬೈಪಾಸಿನಲ್ಲಿ, ಅಂದರೆ ಸೆಲ್ ತಪ್ಪಿಸಿ ಹೋಗುವ ದಾರಿಯಲ್ಲಿ, ಗ್ಯಾಸ್ ಹರಿಸಿ ಲೈನ್ ತೊಳೆಯಿರಿ, ಆಮೇಲೆ ಸೆಲ್‌ಗೆ ತಿರುಗಿಸಿ. ಹೊರಬರುವ ನೈಟ್ರೋಜನ್ ಪೈಪನ್ನು ಮುಚ್ಚಿದ ಕೋಣೆಯಲ್ಲಿ ಬಿಡಬೇಡಿ, ಉಸಿರು ಕಟ್ಟುವುದು ಗೊತ್ತೇ ಆಗುವುದಿಲ್ಲ.

ಪ್ರಶ್ನೆ: ಬಾಯ್ಲರ್ ಚಿಮಣಿಯೊಳಗಿನ ಜಿರ್ಕೋನಿಯಾ ಪ್ರೋಬ್ (ಹೊಗೆಯಲ್ಲೇ ಕೂತು ಆಕ್ಸಿಜನ್ ಅಳೆಯುವ ಬಿಸಿ ಸೆನ್ಸರ್) ಶೇ. 4.5 ತೋರಿಸುತ್ತದೆ. ಕೈಯಲ್ಲಿ ಹಿಡಿಯುವ ಮೀಟರ್ 5.0 ಅನ್ನುತ್ತದೆ. ಯಾವುದು ಸರಿ?

ಉತ್ತರ: ಎರಡೂ ಸರಿ ಇರಬಹುದು. ಪ್ರೋಬ್ ಅಳೆಯುವುದು ಹಬೆ ಸಮೇತ ಇರುವ ಹೊಗೆಯನ್ನು. ಕೈಮೀಟರ್ ನೀರು ತೆಗೆದು ಅಳೆಯುತ್ತದೆ. ಹೊಗೆಯಲ್ಲಿ ಶೇ. 10 ಹಬೆ ಇದ್ದರೆ 5.0 ಇದ್ದದ್ದು 4.5 ಆಗುತ್ತದೆ. ಅನುಮಾನ ಇದ್ದರೆ ಪ್ರೋಬ್‌ಗೆ ಕ್ಯಾಲಿಬ್ರೇಷನ್ ಪೋರ್ಟಿನಿಂದ ಒಣ ಗಾಳಿ ಕೊಡಿ. ಸೆಲ್ಲಿನ ಅಳೆಯುವ ಕಡೆ, ಹೋಲಿಕೆಯ ಕಡೆ ಎರಡರಲ್ಲೂ ಗಾಳಿಯೇ ಇದ್ದಾಗ ಅದು ಸೊನ್ನೆ ಮಿಲಿವೋಲ್ಟಿನ ಹತ್ತಿರ ಇರಬೇಕು. ಉರಿ ಸರಿಯಿಲ್ಲದೆ ಕಾರ್ಬನ್ ಮಾನಾಕ್ಸೈಡ್ ಜಾಸ್ತಿ ಬಂದರೂ ಪ್ರೋಬ್ ಕಮ್ಮಿ ತೋರಿಸುತ್ತದೆ. ಸೆಲ್ 700 ಡಿಗ್ರಿ ದಾಟಿ ಕಾದಿರುತ್ತದಲ್ವಾ, ಆ ಗ್ಯಾಸ್ ಅಲ್ಲೇ ಉರಿದು ಆಕ್ಸಿಜನ್ ತಿಂದುಬಿಡುತ್ತದೆ.

ಪ್ರಶ್ನೆ: ಆಕ್ಸಿಜನ್ ಮೀಟರಿಗೆ ಹೊರಗಿನ ಗಾಳಿ ಕೊಟ್ಟು ಶೇ. 20.9ಕ್ಕೆ ಸ್ಪಾನ್ ಮಾಡಿದ್ದೆ (ರೀಡಿಂಗ್ ಆ ಸಂಖ್ಯೆಗೆ ಹೊಂದಿಸಿದ್ದೆ). ತೇವ ಜಾಸ್ತಿ ಇದ್ದ ದಿನ 20.2 ಬಂತು. ಮತ್ತೆ ಸ್ಪಾನ್ ಒತ್ತಲೇ?

ಉತ್ತರ: ಬೇಡ. 30 ಡಿಗ್ರಿ ಸೆಕೆಯಲ್ಲಿ ಗಾಳಿಯ ತೇವ ಶೇ. 80 ಇದ್ದರೆ ಆಕ್ಸಿಜನ್ ನಿಜವಾಗಿಯೂ 20.2 ಆಸುಪಾಸು ಇರುತ್ತದೆ. 20.9 ಒಣ ಗಾಳಿಯ ಲೆಕ್ಕ. ಇನ್‌ಸ್ಟ್ರುಮೆಂಟ್ ಏರ್ (ಉಪಕರಣಗಳಿಗೆ ಒಣಗಿಸಿ ಕೊಡುವ ಗಾಳಿ) ಅಥವಾ ಸಿಲಿಂಡರ್ ಗ್ಯಾಸ್ ಕೊಟ್ಟು ನೋಡಿ. ಅದಕ್ಕೂ ಮೊದಲು ಮೀಟರಿನಿಂದ ಗ್ಯಾಸ್ ಹೊರಹೋಗುವ ವೆಂಟ್ ಪೈಪ್ ಎಲ್ಲಾದರೂ ಜೋತುಬಿದ್ದು ನೀರು ನಿಂತಿದೆಯಾ ನೋಡಿ. ಆ ನೀರು ಗ್ಯಾಸ್ ತಡೆದು ಸೆನ್ಸರ್ ಮೇಲೆ ಹಿಂದೊತ್ತಡ ಬಿದ್ದರೆ ರೀಡಿಂಗ್ ತಾನಾಗೇ ಏರುತ್ತದೆ, ಆಗ ನೀವು ಸ್ಪಾನ್ ಮಾಡುವುದು ನೀರಿನ ಲೆಕ್ಕಕ್ಕೆ.