‘ಸುಂಕದ ಸಮರ’ ಬರೆದವರಿಗೆ

ನಮಸ್ಕಾರ.

ನಿಮ್ಮ ‘ಸುಂಕದ ಸಮರ’ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಕೈಬಿಡಬೇಡಿ. ಕೇಂದ್ರ ಸರ್ಕಾರದ ಆಮದು ಸುಂಕ ತನ್ನ ನೆಲದಲ್ಲಿ ನಡೆಯುವುದಿಲ್ಲ ಎಂದು 1832ರ ನವೆಂಬರಿನಲ್ಲಿ ಅಮೆರಿಕದ ಸೌತ್ ಕೆರೊಲಿನಾ ರಾಜ್ಯ ಸಾರಿದ ಕಥೆ ನಮ್ಮ ಓದುಗರಿಗೆ ಬೇಕು. ನೀವು ಕಷ್ಟಪಟ್ಟು ಓದಿಕೊಂಡಿದ್ದೀರಿ ಅನ್ನೋದೂ ಗೊತ್ತಾಗುತ್ತದೆ.

ನನ್ನ ದೊಡ್ಡ ತಕರಾರು ಒಂದೇ. ಹತ್ತಿ ಜಮೀನ್ದಾರರು ಹೇಳಿದ್ದನ್ನೆಲ್ಲ ನೀವು ಹಾಗೇ ನಂಬಿದ್ದೀರಿ. ಸುಂಕ ಹೆಚ್ಚಾಯಿತು, ರಾಜ್ಯ ತಿರುಗಿಬಿತ್ತು, ಅಷ್ಟೇ ಅಂತ. ಅವರ ದೂರು ಸುಳ್ಳೇನಲ್ಲ. 1828ರ ಸುಂಕ ಕಾಯ್ದೆ ಉತ್ತರದ ಕಾರ್ಖಾನೆಗಳನ್ನು ಕಾಯುತ್ತಿತ್ತು, ಹೊರಗಿನ ಸರಕು ಕೊಳ್ಳುವ ದಕ್ಷಿಣದವರಿಗೆ ಎಲ್ಲವೂ ತುಟ್ಟಿಯಾಗುತ್ತಿತ್ತು. 1819ರ ಆರ್ಥಿಕ ಕುಸಿತದ ಮೇಲೆ ಹತ್ತಿ ಬೆಲೆಯೂ ಬಿದ್ದಿತ್ತು. ಆದರೆ ಜಾರ್ಜಿಯಾ, ಅಲಬಾಮಗಳೂ ಹತ್ತಿ ಬೆಳೆಯುತ್ತಿದ್ದವು, ಅದೇ ಸುಂಕವನ್ನೇ ಕಟ್ಟುತ್ತಿದ್ದವು. ಅವು ಯಾಕೆ ಜೊತೆಗೆ ಬರಲಿಲ್ಲ? ಒಂದು ರಾಜ್ಯವೂ ಬರಲಿಲ್ಲ. ಈ ಪ್ರಶ್ನೆ ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ.

1830ರ ಜನಗಣತಿ ನೋಡಿ. ಸೌತ್ ಕೆರೊಲಿನಾದ ಸುಮಾರು 5.81 ಲಕ್ಷ ಜನರಲ್ಲಿ 3.15 ಲಕ್ಷ ಜನ ಗುಲಾಮರು. 1822ರಲ್ಲಿ ಅದೇ ರಾಜ್ಯದ ಬಂದರು ನಗರ ಚಾರ್ಲ್ಸ್‌ಟನ್‌ನಲ್ಲಿ ಡೆನ್ಮಾರ್ಕ್ ವೆಸಿ ಎಂಬ ಕಪ್ಪು ಮನುಷ್ಯ ಗುಲಾಮರ ದಂಗೆಗೆ ಸಂಚು ಹೂಡಿದ ಎಂದು ಆತನನ್ನೂ ಸೇರಿಸಿ 35 ಮಂದಿಯನ್ನು ಗಲ್ಲಿಗೇರಿಸಿದ್ದರು. ಆ ಭಯ ಇನ್ನೂ ಆರಿರಲಿಲ್ಲ. ಇವತ್ತು ಸುಂಕಕ್ಕೆ ಕೈಹಾಕಿದವರು ನಾಳೆ ಗುಲಾಮಗಿರಿಗೂ ಕೈಹಾಕಬಹುದು ಅಲ್ವಾ? ಚಳವಳಿಯ ತಲೆಯಾಗಿದ್ದ ಜಾನ್ ಕ್ಯಾಲ್‌ಹೂನ್ 1830ರಲ್ಲಿ ಗೆಳೆಯನಿಗೆ ಬರೆದ ಪತ್ರದಲ್ಲಿ, ಸುಂಕ ಒಂದು ಸಂದರ್ಭ ಮಾತ್ರ, ನಿಜವಾದ ಕಾರಣ ಬೇರೆ ಎಂದೇ ಒಪ್ಪಿಕೊಂಡಿದ್ದಾನೆ. ನಿಮ್ಮ ಇಡೀ ಲೇಖನದಲ್ಲಿ ಗುಲಾಮಗಿರಿಗೆ ಅರ್ಧ ವಾಕ್ಯ ಸಿಕ್ಕಿದೆ. ಇದನ್ನು ನಾನು ಬಿಡಲಾರೆ. ಆ ಹತ್ತಿ ಬಿಡಿಸಿದ ಕೈಗಳು ಯಾರವು ಅಂತ ಹೇಳದೆ ರಾಜ್ಯದ ಹಕ್ಕಿನ ಬಗ್ಗೆ ಬರೆಯುವುದು ಅನ್ಯಾಯ.

ಕ್ಯಾಲ್‌ಹೂನ್‌ನನ್ನು ಹುಟ್ಟಾ ಸುಂಕ ವಿರೋಧಿ ಮಾಡಿದ್ದೀರಿ. 1816ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನಲ್ಲಿ ಎದ್ದು ನಿಂತು ದೇಶದ ಕಾರ್ಖಾನೆಗಳನ್ನು ಕಾಯುವ ಸುಂಕದ ಪರ ಮಾತಾಡಿದವನು ಅವನೇ. 1828ರಲ್ಲಿ ದೇಶದ ಉಪಾಧ್ಯಕ್ಷನಾಗಿದ್ದುಕೊಂಡೇ ಹೆಸರು ಹಾಕದೆ ಪ್ರತಿಭಟನೆಯ ಬರಹ ಬರೆದುಕೊಟ್ಟವನೂ ಅವನೇ. ಇಂಥ ಮನುಷ್ಯ ಕೈಗೆ ಸಿಕ್ಕಿರುವಾಗ ಅವನನ್ನು ಸುಮ್ನೆ ಪ್ರತಿಮೆ ಮಾಡಿ ನಿಲ್ಲಿಸಬೇಡಿ. ಕೇಂದ್ರದ ಕಾನೂನನ್ನು ಒಂದು ರಾಜ್ಯ ತನ್ನ ನೆಲದಲ್ಲಿ ರದ್ದು ಮಾಡಬಹುದು ಎನ್ನುವ ರದ್ದತಿ ವಾದವನ್ನು ‘ಮ್ಯಾಡಿಸನ್ ಸಿದ್ಧಾಂತ’ ಎಂದು ಬರೆದಿದ್ದೀರಿ, ಅದೂ ತಪ್ಪು. ಮಾಜಿ ಅಧ್ಯಕ್ಷ ಮ್ಯಾಡಿಸನ್ ಆಗ ಬದುಕಿದ್ದರು. ರದ್ದುವಾದಿಗಳು ಆಧಾರವಾಗಿ ತೋರಿಸುತ್ತಿದ್ದ, ತಾವೇ ಬರೆದಿದ್ದ 1798ರ ವರ್ಜೀನಿಯಾ ನಿರ್ಣಯಕ್ಕೆ ಆ ಅರ್ಥ ಇಲ್ಲವೇ ಇಲ್ಲ ಎಂದು ಬರೆದೂ ಇದ್ದರು.

1830ರ ಏಪ್ರಿಲ್ 13ರ ಔತಣದಲ್ಲಿ ಅಧ್ಯಕ್ಷ ಜಾಕ್ಸನ್ ಮೇಜು ಗುದ್ದುತ್ತಾನೆ, ಹಲ್ಲು ಕಡಿಯುತ್ತಾನೆ. ಇದೆಲ್ಲ ನಿಮ್ಮ ಕಲ್ಪನೆ. ತೆಗೆಯಿರಿ. ಒಕ್ಕೂಟ ಉಳಿಯಲೇಬೇಕು ಎಂದು ಕ್ಯಾಲ್‌ಹೂನ್ ಎದುರಿಗೇ ಹೇಳಿದ ಆ ಒಂದು ಸಾಲು ಸಾಕು.

ಈಗ ನನಗೆ ಹಿಡಿಸಿದ್ದು. ನಾಲ್ಕನೇ ಪುಟದಲ್ಲಿ ಬಂದರಿನ ವಿಷಯ ಬರುತ್ತದೆ. ಆಗಿನ ವ್ಯಾಪಾರಿಗಳು ಸುಂಕಕ್ಕೆ ಮುಚ್ಚಳಿಕೆ ಬರೆದುಕೊಟ್ಟು ಸರಕು ಬಿಡಿಸಿಕೊಂಡು, ದುಡ್ಡು ಆಮೇಲೆ ಕಟ್ಟುತ್ತಿದ್ದರು. ರದ್ದುವಾದಿಗಳ ಲೆಕ್ಕಾಚಾರ ಇದ್ದದ್ದೇ ಇಲ್ಲಿ. ದುಡ್ಡು ಕೊಡದೆ ಕೂತರೆ ಕೇಸು ಕೋರ್ಟಿಗೆ ಹೋಗುತ್ತದೆ, ಅಲ್ಲಿ ಜ್ಯೂರಿಯಲ್ಲಿ ಕೂರುವವರು ನಮ್ಮವರೇ. ಅದಕ್ಕೇ 1833ರ ಮಾರ್ಚ್ 2ರಂದು ಜಾಕ್ಸನ್ ಸಹಿ ಹಾಕಿದ, ಸುಂಕ ವಸೂಲಿಗೆ ಬಲ ಬಳಸಲು ಬಿಡುವ ಫೋರ್ಸ್ ಬಿಲ್‌ನಲ್ಲಿ ಎರಡು ಅಸ್ತ್ರ ಇದ್ದವು. ಕಸ್ಟಮ್ಸ್ ಕಚೇರಿಯನ್ನು ಕೋಟೆಗೋ ಹಡಗಿಗೋ ಸಾಗಿಸಬಹುದು. ನಗದು ಕೈಗಿಟ್ಟ ಮೇಲೇ ಸರಕು ಬಿಡಬಹುದು. ಅದೇ ದಿನ ಸೆನೆಟರ್ ಹೆನ್ರಿ ಕ್ಲೇ ತಂದ ರಾಜಿ ಕಾಯ್ದೆಗೂ ಸಹಿ ಬಿತ್ತು: 1842ರ ಹೊತ್ತಿಗೆ ಸುಂಕ ಶೇ. 20ಕ್ಕೆ ಇಳಿಯಬೇಕು. ಎಷ್ಟು ಚೆನ್ನಾಗಿ ಹಿಡಿದಿದ್ದೀರಿ ಇದನ್ನು! ಲೇಖನ ಇಲ್ಲಿಂದಲೇ ಶುರುವಾಗಲಿ.

ಕೊನೆಯ ಜಿಎಸ್‌ಟಿ ಪ್ಯಾರಾ ಬೇಡ. ನಮ್ಮಲ್ಲಿ ಜಗಳ ಪಾಲು ಎಷ್ಟು ಅನ್ನುವುದರ ಮೇಲೆ. ಅಲ್ಲಿ, ಕೇಂದ್ರದ ಕಾನೂನನ್ನೇ ಒಂದು ರಾಜ್ಯ ಹೊಡೆದುಹಾಕಬಹುದೇ ಅನ್ನುವುದರ ಮೇಲೆ. ಅದನ್ನು ಬೇರೆ ಲೇಖನವಾಗಿ ಬರೆಯಿರಿ, ಖಂಡಿತ ಓದುತ್ತೇನೆ.

ಪೂರ್ತಿ ತಿದ್ದುವವರೆಗೆ ಕಾಯಬೇಡಿ. ಬಂದರಿನ ಭಾಗ, ಗುಲಾಮಗಿರಿಯ ಭಾಗ ಇವೆರಡನ್ನು ಬರೆದು ಮೊದಲು ಕಳಿಸಿ, ಕೂತು ನೋಡೋಣ.