ನಜಾಫ್, ಕೊಲೋನ್ ಮತ್ತು ನಮ್ಮ ಗುಣದಾಳ

ಜಮಖಂಡಿಯ ನಿವೃತ್ತ ಶಿಕ್ಷಕರೊಬ್ಬರು ಪರಕೀಯ ಸೈನ್ಯ ಪ್ರಜಾಪ್ರಭುತ್ವವನ್ನು ತರಲಾರದು ಎಂದ ನಮ್ಮ ಕಳೆದ ಸಂಚಿಕೆಯ ಇರಾಕ್ ಲೇಖನವನ್ನು ಓದಿ, 1945ರ ನಂತರ ಜರ್ಮನಿ ಮತ್ತು ಜಪಾನಿನಲ್ಲಿ ಪರಕೀಯ ಸೈನ್ಯವೇ ಪ್ರಜಾಪ್ರಭುತ್ವವನ್ನು ನೆಲೆಗೊಳಿಸಿದ ಮೇಲೆ, 2003ರಲ್ಲಿ ಅಮೆರಿಕದ ಸೈನ್ಯ ಹೊಕ್ಕ ಬಾಗ್ದಾದಿನಲ್ಲಿ ಅದು ಏಕೆ ಸಾಧ್ಯವಾಗಲಿಲ್ಲ ಎಂದು ಕೇಳಿದ್ದಾರೆ.

ಗುರುಗಳೇ, ಹಿಟ್ಲರನನ್ನು ಅವನ ಪ್ರಜೆಗಳೇ ಇಳಿಸುವವರೆಗೆ ಜಗತ್ತು ಕಾಯಬೇಕಿತ್ತೆಂದು ನಾನೂ ಹೇಳಲಾರೆ. ಆದರೆ ಇತಿಹಾಸವನ್ನು ಪಾಠ ಮಾಡಿದ ನೀವೇ ಕಥೆಯನ್ನು 1945ರಿಂದ ಆರಂಭಿಸಿದರೆ ಹೇಗೆ? ಜಪಾನಿನಲ್ಲಿ 1890ರಿಂದಲೇ ಸಂಸತ್ತು ಇತ್ತು. 1925ರ ಕಾಯ್ದೆಯು 25 ವರ್ಷ ತುಂಬಿದ ಗಂಡಸರಿಗೆ ಮತದಾನದ ಹಕ್ಕು ಕೊಟ್ಟಿತ್ತು. ಪಶ್ಚಿಮ ಜರ್ಮನಿಯ ಮೊದಲ ಚಾನ್ಸಲರ್ ಅಡೆನಾವರ್ 1917ರಿಂದ 1933ರವರೆಗೆ ಕೊಲೋನ್ ನಗರದ ಮೇಯರ್ ಆಗಿ ಪಳಗಿದವರು. ಅಮೆರಿಕದ ವಶದಲ್ಲಿದ್ದ ಭಾಗದಲ್ಲಿ ಸಣ್ಣ ಊರುಗಳ ಚುನಾವಣೆ 1946ರ ಜನವರಿಯಲ್ಲಿಯೇ ನಡೆದಿತ್ತು. ಸಂಸತ್ತಿನ ಚುನಾವಣೆಗೆ 1949ರ ಆಗಸ್ಟ್ ಬರಬೇಕಾಯಿತು. ಅಂದರೆ ಬುನಾದಿ ಮೊದಲೇ ಇತ್ತು, ಅದರ ಮೇಲೆ ಕಟ್ಟಿದ್ದು ಕೆಳಗಿನಿಂದ.

ಇರಾಕಿನಲ್ಲಿ ಆದದ್ದು ಇದರ ತಿರುವುಮುರುವು. 2003ರ ಮೇ ತಿಂಗಳಲ್ಲಿ, ಇರಾಕನ್ನು ಆಳಲು ಅಮೆರಿಕ ನೇಮಿಸಿದ್ದ ಪಾಲ್ ಬ್ರೆಮರ್ ಒಂದು ಆದೇಶದಿಂದ ಸದ್ದಾಂ ಹುಸೇನನ ಬಾತ್ ಪಕ್ಷದ ಮೇಲಿನ ಹಂತದವರನ್ನು ಸರ್ಕಾರಿ ನೌಕರಿಯಿಂದ ಹೊರಹಾಕಿದರು (ಅವರಲ್ಲಿ ನಿಮ್ಮಂಥ ಶಾಲಾ ಶಿಕ್ಷಕರು ಸಾವಿರಾರು ಮಂದಿ), ಇನ್ನೊಂದರಿಂದ ಸೈನ್ಯವನ್ನೇ ವಿಸರ್ಜಿಸಿದರು. ಇದನ್ನು ಎಲ್ಲರೂ ಬರೆದಿದ್ದಾರೆ. ನನ್ನನ್ನು ಹೆಚ್ಚು ಕಾಡುವುದು ನಜಾಫ್ ನಗರದ ಸಂಗತಿ: ಜೂನ್ ತಿಂಗಳಲ್ಲಿ ಅಲ್ಲಿನ ಜನ ತಮ್ಮ ಮೇಯರನ್ನು ತಾವೇ ಆರಿಸಲು ಸಿದ್ಧರಾಗಿದ್ದಾಗ, ಸ್ವಾತಂತ್ರ್ಯ ತಂದೆವೆಂದವರೇ ಆ ಚುನಾವಣೆಯನ್ನು ರದ್ದುಗೊಳಿಸಿದರು.

ಅಧಿಕಾರವನ್ನು ಕೆಳಗಿನಿಂದ ಕಟ್ಟಿದ ಉದಾಹರಣೆಗೆ ಕೊಲೋನಿಗೇ ಹೋಗಬೇಕಾಗಿಲ್ಲ. ನಮ್ಮ ವಿಜಯಪುರ ಜಿಲ್ಲೆಯ ಗುಣದಾಳ ಒಂದು ಕಾಲಕ್ಕೆ ಔಂಧ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿನ ರಾಜ ಭವಾನರಾವ್ ಪಂತ ಪ್ರತಿನಿಧಿ ಗಾಂಧೀಜಿಯವರ ಸಲಹೆ ಪಡೆದು 1939ರಲ್ಲಿ ತಮ್ಮ ಅಧಿಕಾರವನ್ನು ಪ್ರಜೆಗಳಿಗೆ ಬಿಟ್ಟುಕೊಟ್ಟರು. ಊರಿನವರು ಪಂಚರನ್ನು ಆರಿಸುವುದು, ಪಂಚಾಯಿತಿಗಳಿಂದ ತಾಲ್ಲೂಕು ಸಮಿತಿ, ಅಲ್ಲಿಂದ ಶಾಸನಸಭೆ ಎಂಬುದು ಅದರ ಕ್ರಮ. ಒಬ್ಬ ಸಿಪಾಯಿಯೂ ಗಡಿ ದಾಟಿ ಬರಲಿಲ್ಲ. ಜಮಖಂಡಿಯಂಥ ಸಂಸ್ಥಾನದ ಊರಿನವರಾದ ನಿಮಗೆ ಇದರ ಬೆಲೆಯನ್ನು ನಾನು ಹೇಳಿಕೊಡಬೇಕಾಗಿಲ್ಲ.

ಹಾಗಿದ್ದರೂ ಬ್ರೆಮರ್ ಅವರನ್ನು ಬೈಯುವ ನಾವು ಮಾಡಿದ್ದೇನು? ನಮ್ಮ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು. 2021ರಲ್ಲಿ ಅವಧಿ ಮುಗಿದ ಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ ಎಂದು ವರ್ಷಗಳೇ ಉರುಳಿದವು. ಸದಸ್ಯರು ಕೂರಬೇಕಾದ ಕಡೆ ಆಡಳಿತಾಧಿಕಾರಿಗಳು ಕಡತಗಳಿಗೆ ಸಹಿ ಹಾಕುತ್ತ ಕುಳಿತರು. ಇರಾಕಿನ ಬಗ್ಗೆ ನಮಗೆ ಬರುವಷ್ಟು ಪತ್ರಗಳು ಇದರ ಬಗ್ಗೆ ಬರುವುದಿಲ್ಲ. ಗುರುಗಳೇ, ಮುಂದಿನ ಪತ್ರವನ್ನು ಈ ವಿಷಯಕ್ಕೇ ಬರೆಯಿರಿ. ಒಂದಕ್ಷರವನ್ನೂ ಕತ್ತರಿಸದೆ ಅಚ್ಚು ಹಾಕುತ್ತೇವೆ.

— ಸಂಪಾದಕ