ದುಡ್ಡು ಕೊಟ್ಟು ಮಣ್ಣು ಅಗೆಯುವುದು

ಇಂಗ್ಲೆಂಡಿನ ನ್ಯೂಕಾಸಲ್‌ಗೆ ಬಂದು ನಾಲ್ಕು ತಿಂಗಳಾದರೂ ಕಚೇರಿಯವರೊಂದಿಗೆ ಮಳೆಯ ಮಾತು ದಾಟಿಲ್ಲ ಎಂದಿದ್ದೀರಿ. ಇತಿಹಾಸ ಓದದವರು ವಿಂಡೊಲಾಂಡದ ರೋಮನ್ ಕೋಟೆಯ ಉತ್ಖನನಕ್ಕೆ ಹೋಗಬಹುದೇ, ಸ್ವಯಂಸೇವಕರಿಂದಲೇ ಶುಲ್ಕ ಪಡೆಯುತ್ತಾರಲ್ಲ ಎಂದೂ ಕೇಳಿದ್ದೀರಿ. ಧಾರಾಳವಾಗಿ ಹೋಗಿ. ಶುಲ್ಕವಿರುವುದು ನಿಜ. ‘ನಮ್ಮ ಹೊಲಕ್ಕೇ ಕೂಲಿ ಕೊಟ್ಟು ಆಳು ಕರೆಸುತ್ತೇವೆ, ನೀನು ದುಡ್ಡು ಕೊಟ್ಟು ಅವರ ಹೊಲ ಅಗೆಯುತ್ತೀಯಾ?’ ಎಂದು ನಮ್ಮಮ್ಮ ಫೋನಿನಲ್ಲಿ ನಕ್ಕಿದ್ದರು.

ಪದವಿ ಬೇಡ. ಕೈಗೊಂದು ಕರಣೆ ಕೊಟ್ಟು, ಕೆರೆಯುವುದು ಹೇಗೆಂದು ತೋರಿಸುತ್ತಾರೆ. ರೋಮನ್ ಚಕ್ರವರ್ತಿ ಹೇಡ್ರಿಯನ್ ಇಲ್ಲಿ ಕಟ್ಟಿಸಿದ ಗಡಿಗೋಡೆಯ ಕೆಲಸ ಶುರುವಾದದ್ದು ಕ್ರಿ.ಶ. 122ರಲ್ಲಿ, ಈ ಕೋಟೆ ಅದಕ್ಕಿಂತ ಹಳೆಯದು, ಒಂದರ ಮೇಲೊಂದರಂತೆ ಮತ್ತೆ ಮತ್ತೆ ಕಟ್ಟಿದ್ದು. ಚಿನ್ನ ಸಿಗುತ್ತದೆಂದುಕೊಳ್ಳಬೇಡಿ. ಸಿಗುವುದು ಮೂಳೆ, ಮೊಳೆ, ಮತ್ತೆ ಬೋಕಿ, ರಾಶಿ ರಾಶಿ ಬೋಕಿ. ಅವನ್ನು ಹಲ್ಲುಜ್ಜುವ ಬ್ರಷ್‌ನಿಂದ ತೊಳೆಯಬೇಕು. ಮುರಿದ ಅಂಚನ್ನೂ ಬಿಡುವಂತಿಲ್ಲ: ಜೇಡಿಯ ಬಣ್ಣ, ಮರಳಿನ ಕಣ ಕಾಣುವುದು ಅಲ್ಲೇ, ಮಡಕೆಯ ಊರು ತಿಳಿಯುವುದೂ ಅಲ್ಲೇ. ಸ್ಪೇನಿನಿಂದ ಆಲಿವ್ ಎಣ್ಣೆ ತುಂಬಿ ಬಂದ ಆಂಫೊರಾ ಜಾಡಿ, ಈಗಿನ ಫ್ರಾನ್ಸಿನಿಂದ ಬಂದ ಕೆಂಪು ಹೊಳಪಿನ ಸೇಮಿಯನ್ ಬಟ್ಟಲು. ಮಾರ್ಟೇರಿಯಮ್ ಎಂಬ ಬೋಗುಣಿಯ ಒಳಮೈಗೆ ಅರೆಯಲೆಂದೇ ಹರಳು ಕೂರಿಸಿರುತ್ತಾರೆ. ಸವೆದ ತಳ ಕಂಡಾಗ ನನಗೆ ಅಜ್ಜಿಯ ಒರಳು ನೆನಪಾಗಿತ್ತು.

ಒಂದು ಮಧ್ಯಾಹ್ನ ನನಗೆ ಸಿಕ್ಕಿದ್ದು ಸೇಮಿಯನ್ ಚೂರೊಂದನ್ನು ಅಂಚು ತೀಡಿ ಗುಂಡಗೆ ಮಾಡಿದ ಬಿಲ್ಲೆ. ಸೈನಿಕರ ಆಟದ ಕಾಯಿ ಎಂದರು ಮೇಲ್ವಿಚಾರಕಿ. ಕುಂಟಾಬಿಲ್ಲೆಗೆ ನಾವು ತೀಡಿಕೊಳ್ಳುತ್ತಿದ್ದದ್ದೂ ಹೀಗೆಯೇ! ಪಕ್ಕದಲ್ಲಿದ್ದ ನಿವೃತ್ತ ಅಂಚೆಯವರಿಗೆ ಮಣ್ಣಿನಲ್ಲಿ ಮನೆ ಗೀಚಿ ತೋರಿಸಿದೆ. ಊರು ಯಾವುದೆಂದರು, ಚಿತ್ರದುರ್ಗ ಎಂದೆ. 1947ರಲ್ಲಿ ಪುರಾತತ್ತ್ವಜ್ಞ ವ್ಹೀಲರ್ ನಮ್ಮ ಚಂದ್ರವಳ್ಳಿಯಲ್ಲಿ ಅಗೆಸಿದಾಗ ರೋಮನ್ ಚಕ್ರವರ್ತಿ ಟೈಬೀರಿಯಸನ ಬೆಳ್ಳಿ ನಾಣ್ಯ ಸಿಕ್ಕಿತ್ತೆಂದಾಗ ಅವರು ಕರಣೆ ಕೆಳಗಿಟ್ಟರು. ಆ ದಿನ ಮಳೆಯ ಸುದ್ದಿ ಯಾರೂ ಎತ್ತಲಿಲ್ಲ, ಸುರಿಯುತ್ತಲೇ ಇದ್ದರೂ. ಅವರ ಮನೆಗೆ ಈಗಲೂ ಕ್ರಿಸ್‌ಮಸ್ ಊಟಕ್ಕೆ ಹೋಗುತ್ತೇನೆ.

ಬಿಲ್ಲೆಯನ್ನು ಚೀಲಕ್ಕೆ ಹಾಕಿ, ಗುರುತು ಬರೆದು ಒಪ್ಪಿಸಿದೆ. ಒಂದು ಚೂರನ್ನೂ ಮನೆಗೆ ಒಯ್ಯುವಂತಿಲ್ಲ.

ಜಾಗಗಳು ಬೇಗ ತುಂಬುತ್ತವೆ, ಬೇಸಿಗೆಯ ರಜೆಯನ್ನು ಈಗಲೇ ಹೊಂದಿಸಿಕೊಳ್ಳಿ. ವೀಸಾದ ಷರತ್ತುಗಳನ್ನು ಮೊದಲೇ ಓದಿ. ಗೋಡೆಯ ಮಗ್ಗುಲಲ್ಲಿ ಓಡುವ ಬಸ್ಸಿನ ಸಂಖ್ಯೆ ಎಡಿ 122, ಮರೆಯುವ ಹಾಗೆಯೇ ಇಲ್ಲ. ಮಂಡಿಯ ಕೆಳಗೆ ಹಾಕಿಕೊಳ್ಳಲು ದಪ್ಪ ರಬ್ಬರ್ ಹಾಸು ಕೊಳ್ಳಿ. ಅದು ದಂಡವೆಂದುಕೊಂಡ ನಾನು ಎರಡನೆಯ ವಾರ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದಿದ್ದೇನೆ.